ಪಿಶ್ವಿ ಸಾಯೇಬ

ವಾಸ್ಕೊ ಮೀನಮಾರ್ಕೆಟ್ಟಿನ ಎಡಗಡೆ ಬಾಗಿಲದಾಗ
ಒಂದು ಸ್ಟೂಲು, ಒಂದು ಗುಲಾಬಿ ಪಾವತಿ ಪುಸ್ತಕ,
ದಾರಾ ಕಟ್ಟಿದ ಬಾಲ್‌ಪೆನ್ನು, ಮತ್ತ ನಾನು.
ಒಂದ ಸಲ ಬಳಸಿ ಒಗಿಯೋ ಚೀಲ,
ಹಿಡಿಕಿ ಇರಲಿ ಇರದಿರಲಿ, ಎರಡು ರೂಪಾಯಿ.
ಫಕ್ಕೀರೇಶ ಅನ್ನೋ ಹೆಸರು ಪಗಾರ ಪಟ್ಟ್ಯಾಗಷ್ಟ ಐತಿ;
ಇಲ್ಲೆ ನಾ ಪಿಶ್ವಿ ಸಾಯೇಬ.
ಕೊಂಕಣಿಯೊಳಗ ಬೈಗಳಾನೂ ಜೋಗುಳದಂಗ ಕೇಳತಾವು,
ಹಿಂಗಾಗಿ ಮೊದಲ ಮೊದಲ ನನಗ ತಿಳೀಲಿಲ್ಲ.

ಏನ್ ಜಗಳ್ರಿ ಆ ತಿಂಗಳು!
ಸಾವಿರದ ಇನ್ನೂರು ಎಣಿಸಿ ಇಸ್ವಣ ತಗೊಂಡಾಂವ
ಎರಡು ರೂಪಾಯಿಗೆ ಸಂವಿಧಾನ ತಗದ.
ಒಬ್ಬಾಕಿ ಹೆಲ್ಮೆಟ್ಟಿನೊಳಗ ಬಂಗಡಿ ಸುರಿಸಿಕೊಂಡು
ಬರೇ ತಲಿಲೆ ಗಾಡಿ ಹೊಡಕೊಂಡು ಹೋದ್ಲು.
ಇನ್ನೊಬ್ಬಾಂವ ಪಾವತಿ ಹರದು ನನ್ನ ಬೂಟಿನ ಮ್ಯಾಲ ಒಗದ:
ಇದೂ ಕಸಾನ ಅಲ್ಲೇನು, ಇದಕ್ಕೆಷ್ಟು?
ಉತ್ತರ ಇರಲಿಲ್ಲ. ಆರಿಸಿ ಕಿಸೆದಾಗ ಇಟಗೊಂಡೆ.

ಪಿಯೆದಾದ್ ಬಾಯಿ ಮಾತ್ರ ಜಗಳಾಡಲಿಲ್ಲ.
ಮೂವತ್ತೊಂದು ವರ್ಷದಿಂದ ಅದ ಮೂಲಿ, ಅದ ಕೊಯತಿ.
ಮುರದ ಛತ್ರಿಗಳ ಅರಿವಿ ಬಿಚ್ಚಿ, ಚೀಲ ಹೊಲದು,
ಕಾಯಂ ಗಿರಾಕಿಗೆಲ್ಲಾ ಹಂಚಿದ್ಲು.
ಛತ್ರಿ ಅರಿವಿಗೆ ನೀರು ಅಂದ್ರ ನೀರು,
ಮ್ಯಾಲಿಂದ ಬಂದ್ರೇನು, ಒಳಗಿಂದ ಹೊಂಟ್ರೇನು.

ಆಮ್ಯಾಲ ಎಲ್ಲಾರೂ ಹಿಡದ್ರು.
ಸೀರಿ ಚೀಲ, ಗೋದಿಹಿಟ್ಟಿನ ಚೀಲ, ಪಡದೆ ಚೀಲ,
ಹಳೇ ಬುಶ್‌ಶರ್ಟಿನ ಚೀಲ, ಗುಂಡಿ ಹಂಗ ಇದ್ದದ್ದು,
ಸುಂಗಟದ ಮೀಸಿ ಕಾಜದ ತೂತಿನ್ಯಾಗಿಂದ
ನನ್ನ ಕಡೆ ನೋಡತಿದ್ವು.

ನಲವತ್ತೊಂದು ಸಾವಿರದ ಮುನ್ನೂರ ಹದಿನಾರು,
ಇಪ್ಪತ್ತೆರಡು ಸಾವಿರದ ಚಿಲ್ಲರೆ,
ಒಂಬತ್ತು, ನಾಕು,
ಆರನೇ ತಿಂಗಳಿಗೆ ಆರನೂರ ಹನ್ನೆರಡು ರೂಪಾಯಿ.
ರೊಕ್ಕ ಇಳದಂಗ ಸಾಹೇಬ್ರ ಮುಖ ಅರಳತಿತ್ತು.
ನಮ್ಮಪ್ಪ ಲಕ್ಷ್ಮೇಶ್ವರದ ಸಂತ್ಯಾಗ ಸುಂಕ ಎತ್ತತಿದ್ದ,
ಕಡಿಮಿ ಬಿದ್ರ ಗುತ್ತಿಗೆದಾರ
ಅವನ ಧೋತರದ ಅಂಚು ಝಾಡಿಸಿ ನೋಡತಿದ್ದ.
ಇದೆಂಥಾ ಸುಂಕಪ್ಪಾ,
ತಾನ ಇಲ್ಲದಂಗಾಗಬೇಕಂತ ಹರಕಿ ಹೊತ್ತು ಹುಟ್ಟಿದ್ದು?

ಶಾಬಾಸ್ ಅಂದ್ರು ಸಾಹೇಬ್ರು, ಚಾ ತರಿಸಿದ್ರು.
ಮುಂದಿನ ತಿಂಗಳಿಂದ ಎಡಗಡೆ ಬಾಗಿಲಕ್ಕ
ಮನಷಾ ಬ್ಯಾಡ, ಬೋರ್ಡ್ ಸಾಕು.

ಸುಂಕದವನ ಮುಂದ ಸುಖದುಃಖ ಹೇಳಬ್ಯಾಡ ಅಂತಾರ.
ಸುಂಕದವ ಯಾರ ಮುಂದ ಹೇಳಬೇಕು
ಅಂತ ಯಾರೂ ಹೇಳಿಲ್ಲ.

ಅವತ್ತಿಂದ ನನ್ನ ಕಣ್ಣು ಮರೆಗುಳಿಗಳ ಮ್ಯಾಲ.
ಕೈಬೀಸಿಕೊಂಡು ಬರೋ ಪ್ರವಾಸಿ, ಹೊಸಾ ಅಳಿಯ,
ರಾತ್ರಿದು ಇನ್ನೂ ಇಳೀದಾಂವ,
ಬರ್ರಿ, ಬರ್ರಿ, ಬಿಟ್ಟು ಬಂದೀರೇನು ಮನ್ಯಾಗ?
ನಾಚಿಕಿ ಆಗತಿತ್ತು. ಆದ್ರೂ ಎಣಸತಿದ್ದೆ.

ಬಾಯಣಾದಾಗ ನಮ್ಮ ಖೋಲಿ ಹಿಂದ ಸಮುದ್ರ.
ಉಬ್ಬರಕ್ಕೊಮ್ಮೆ ತಂದು ಮೆಟ್ಟಲಿಗೆ ಹಚ್ಚತೈತಿ
ಹಳೇ ಚೀಲ, ಪಾವತಿ ಇಲ್ಲದ್ದು.
ಐದು ವರ್ಷದ ಹಿಂದ ಬಾಗಿಲಾ ಹಾಕಿದ ಅಂಗಡಿ ಹೆಸರು
ಇನ್ನೂ ಕೆಂಪಗ ಓದಾಕ ಬರತೈತಿ.
ಅಂಗಡಿಯವ ಎಲ್ಲಿ ಅದಾನೋ.

ಕಡೀ ದಿನ ಸಂಜಿಮುಂದ
ನಾನೂ ಅರ್ಧ ಕಿಲೋ ತಾರ್ಲಿ ತಗೊಂಡೆ.
ಕೈಯಾಗ ಚೀಲ ಇಲ್ಲ. ಖರೇನ ಮರತಿದ್ದೆ, ನಂಬ್ರಿ ಬಿಡ್ರಿ.
ಪಿಯೆದಾದ್ ಬಾಯಿ ಹುಡುಕಿ ಹುಡುಕಿ
ಪೀಪಾಯಿ ತಳದಾಗಿಂದ ಒಂದು ನೀಲಿ ಚೀಲ ತಗದ್ಲು,
ಸೊಂಟದ ಮ್ಯಾಲ ಕೈ ಇಟ್ಟು ನಿಂತ್ಲು.
ಬರಕೋ ಸಾಯೇಬ.
ಬರಕೊಂಡೆ. ಹೆಸರು: ಫಕ್ಕೀರೇಶ. ಚೀಲ: ಒಂದು.
ಎರಡು ರೂಪಾಯಿ ಕಿಸೆದಿಂದ ತಗದು ಡಬ್ಬಿಗೆ ಹಾಕಿದೆ.
ಆ ದಿನದ ಒಟ್ಟು ವಸೂಲಿ ಅಷ್ಟ.

ಚೀಲ ತೊಳದು ಹಗ್ಗಕ್ಕ ಹಾಕೀನಿ.
ಮೂರನೇ ಸಲ.
ವಾಸನಿ ಏನ್ ಮಾಡಿದ್ರೂ ಹೋಗವಲ್ಲದು.